ಬೀರಿನೊಳಗಿನ ಸಾಕ್ಷಿ

ಹೆಂಡತಿಯ ಕೆಲಸ ಹಗುರ ಮಾಡುತ್ತೇನೆಂದು ಹೊರಟ ಗಂಡಸಿಗೆ ಎಂಥ ಗತಿ ಬರುತ್ತದೆ ಎಂದು ತಿಳಿಯಬೇಕಾದರೆ ನಮ್ಮ ವೇಳಾಪಟ್ಟಿ ಸಾಹೇಬರನ್ನು ಕೇಳಬೇಕು. ಶನಿವಾರ ಬೆಳಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಹನ್ನೆರಡರವರೆಗೆ ಆ ಮನುಷ್ಯ ಪಟ್ಟ ಪಾಡು ಶತ್ರುವಿಗೂ ಬೇಡ. ‘ನಾನು ಮಾಡಿದ ತಪ್ಪಾದರೂ ಏನು?’ ಎಂದು ಅವರು ಈಗಲೂ ಕೇಳುತ್ತಾರೆ. ಮಾಡಿದ್ದು ಒಂದಲ್ಲ, ಎರಡು. ಒಂದು ಕಂಪ್ಯೂಟರಿನ ಕೋಡಿನಲ್ಲಿ, ಇನ್ನೊಂದು ಬಾಯಲ್ಲಿ. ಕೋಡಿನದು ದೊಡ್ಡದೋ ಬಾಯಿಯದು ದೊಡ್ಡದೋ ನೀವೇ ಹೇಳಿ.

ಸಾಹೇಬರು ಬಸ್ ಡಿಪೋದ ವೇಳಾಪಟ್ಟಿ ವಿಭಾಗದವರು. ಯಾವ ಬಸ್ಸು ಎಷ್ಟಕ್ಕೆ ಹೊರಡಬೇಕು, ಎಲ್ಲಿ ತಿರುಗಬೇಕು, ಕೆಟ್ಟು ನಿಂತರೆ ಯಾವ ಟ್ರಿಪ್ಪು ರದ್ದಾಗಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವ ಕೋಡನ್ನು ಸ್ವತಃ ಅವರೇ ಬರೆದದ್ದು. ಡಿಪೋದಲ್ಲಿ ಅವರು ಹೇಳಿದರೆ ನಲವತ್ತು ಬಸ್ಸುಗಳು ಹಿಂದೆ ಮುಂದೆ ಸರಿಯುತ್ತವೆ. ಮನೆಯಲ್ಲಿ ಅವರು ಹೇಳಿದರೆ ನೀರಿನ ಲೋಟವೂ ಅಲ್ಲಾಡುವುದಿಲ್ಲ. (ಈ ಮಾತು ಅವರ ತಾಯಿಯದು, ನನ್ನದಲ್ಲ.)

ಅವರ ಹೆಂಡತಿ ಕಣ್ಣು ಕಾಣದವರ ಗ್ರಂಥಾಲಯಕ್ಕೆ ಪುಸ್ತಕ ಓದಿ ರೆಕಾರ್ಡ್ ಮಾಡಿ ಕೊಡುವವಳು. ಆರು ವರ್ಷದಿಂದ, ಪುಕ್ಕಟೆಯಾಗಿ. ಎರಡು ಕೋಣೆಯ ಮನೆಯಲ್ಲಿ ಸದ್ದಿಲ್ಲದ ಜಾಗ ಎಲ್ಲಿಂದ ಬರಬೇಕು? ಮಲಗುವ ಕೋಣೆಯಲ್ಲಿ ಆನೆಯಂಥದೊಂದು ಮರದ ಬಟ್ಟೆ ಬೀರು ಇತ್ತು. ಅದರೊಳಗೆ ನೇತುಹಾಕಿದ ಅಂಗಿಗಳ ನಡುವೆ ಒಂದು ಸ್ಟೂಲು ಹಾಕಿಕೊಂಡು, ಮೈಕು ಹಿಡಿದು, ಬಾಗಿಲು ಎಳೆದುಕೊಂಡು, ಪುಟ್ಟ ದೀಪದ ಬೆಳಕಿನಲ್ಲಿ ಅವಳು ಓದುತ್ತಿದ್ದಳು. ಬಟ್ಟೆಗಳು ಸದ್ದನ್ನು ನುಂಗುತ್ತವೆ, ದನಿ ತುಂಬ ಚೆನ್ನಾಗಿ ಬರುತ್ತದೆ. ಬೆವರು ಮಾತ್ರ ಧಾರಾಳವಾಗಿ ಹರಿಯುತ್ತಿತ್ತು.

ಓದುವಾಗ ತಪ್ಪುತ್ತದಲ್ಲ, ಆಗ ನಿಲ್ಲಿಸುವುದಿಲ್ಲ. ನಾಲಿಗೆ ತೊಡರಿದರೆ, ಹೊರಗಿನಿಂದ ಏನಾದರೂ ಸದ್ದು ಬಂದರೆ, ಮೊದಲು ಮನಸಾರೆ ಬೈದುಕೊಳ್ಳುವುದು, ಆಮೇಲೆ ಎರಡು ಚಪ್ಪಾಳೆ ತಟ್ಟುವುದು, ತಪ್ಪಿದ ವಾಕ್ಯವನ್ನು ಮತ್ತೆ ಮೊದಲಿನಿಂದ ಓದುವುದು. ಇದು ಅವಳ ಪದ್ಧತಿ. ಕಂಪ್ಯೂಟರಿನ ಪರದೆಯ ಮೇಲೆ ಚಪ್ಪಾಳೆಗಳು ಮೊಳೆಗಳ ಹಾಗೆ ಎದ್ದು ಕಾಣುತ್ತವೆ. ಒಂದೊಂದೇ ಮೊಳೆ ಹುಡುಕಿ, ಅದಕ್ಕೆ ಮುಂಚಿನ ತಪ್ಪು ವಾಕ್ಯವನ್ನೂ ಬೈಗುಳವನ್ನೂ ಕತ್ತರಿಸಿ, ಉಳಿದ ತುಣುಕುಗಳನ್ನು ಕೈಯಾರೆ ಜೋಡಿಸಬೇಕು. ಒಂದು ಅಧ್ಯಾಯಕ್ಕೆ ಮೂರು ದಿನ ಹಿಡಿಯುತ್ತಿತ್ತು.

ಹೀಗಿರುವಾಗ ಗ್ರಂಥಾಲಯದಿಂದ ಕಾಗದ ಬಂತು. ಕಾಯಂ ಓದುಗರ ಹುದ್ದೆ ಒಂದು ಖಾಲಿ ಇದೆ. ಜೊತೆಗೆ ಸದ್ದು ಬಾರದ ಹಾಗೆ ಕಟ್ಟಿದ ರೆಕಾರ್ಡಿಂಗ್ ಕೋಣೆ. ಹೊಸ ಪತ್ತೇದಾರಿ ಕಾದಂಬರಿಯೊಂದರ ಮೊದಲ ಅಧ್ಯಾಯವನ್ನು ಓದಿ ಶುಕ್ರವಾರ ಮಧ್ಯಾಹ್ನದೊಳಗೆ ಕಳಿಸಬೇಕು, ಶನಿವಾರ ಹನ್ನೊಂದಕ್ಕೆ ಕೇಳುಗರ ಮಂಡಳಿ ಅದನ್ನು ಕೇಳಿ ತೀರ್ಮಾನಿಸುತ್ತದೆ. ಕಾಗದವನ್ನು ಅವಳು ಎರಡು ಸಲ ಓದಿದಳು. ಆಮೇಲೆ, “ಬಾಗಿಲಿರೋ ಕೋಣೆಯಂತೆ ಅತ್ತೆ,” ಎಂದಷ್ಟೇ ಹೇಳಿದಳು.

ಓದಿ ಮುಗಿಸುವಷ್ಟರಲ್ಲಿ ಗುರುವಾರ ಸಂಜೆಯಾಯಿತು. ಇಪ್ಪತ್ತೇಳು ಚಪ್ಪಾಳೆಗಳಿದ್ದವು. ಮೂರು ದಿನದ ಕೆಲಸ, ಕೈಯಲ್ಲಿ ಇರುವುದು ಅರ್ಧ ದಿನ. ಆಗಲೇ ಸಾಹೇಬರ ತಲೆಯಲ್ಲಿ ದೀಪ ಹತ್ತಿದ್ದು.

“ಇವಳೇ, ಇದಕ್ಕೆಲ್ಲ ಕೈಯಲ್ಲಿ ಮಾಡೋದು ಅಂದ್ರೆ ಏನು? ಕೋಡು ಬರೀತೀನಿ. ಚಪ್ಪಾಳೆ ಅದೇ ಹುಡುಕುತ್ತೆ, ಅದೇ ಕತ್ತರಿಸುತ್ತೆ, ಅದೇ ಜೋಡಿಸುತ್ತೆ. ಜೋಡಿಸೋದೂ ಅಂತಿಂಥ ಜೋಡಣೆ ಅಲ್ಲ, ಕ್ರಾಸ್‌ಫೇಡ್!”

“ಹಾಗಂದ್ರೆ?”

“ಒಂದು ತುಣುಕಿನ ದನಿ ಮೆಲ್ಲಗೆ ಇಳೀತಿರೋವಾಗ್ಲೇ ಇನ್ನೊಂದರ ದನಿ ಮೆಲ್ಲಗೆ ಏರುತ್ತೆ. ಒಂದು ಬಸ್ಸು ಸ್ಟ್ಯಾಂಡು ಬಿಡ್ತಿರೋವಾಗ್ಲೇ ಇನ್ನೊಂದು ಒಳಗೆ ಬಂದಂಗೆ. ಎಲ್ಲಿ ಸೇರಿಸಿದಾರೆ ಅಂತ ಬ್ರಹ್ಮನಿಗೂ ಗೊತ್ತಾಗಲ್ಲ.”

“ಬ್ರಹ್ಮ ಮಂಡಳೀಲಿಲ್ಲ. ನನ್ನ ಮೂಲ ರೆಕಾರ್ಡಿಂಗಿಗೆ ಮಾತ್ರ ಕೈ ಹಚ್ಚಬೇಡಿ.”

“ನಕಲು ಮಾಡ್ಕೊಂಡೇ ಮಾಡೋದು. ನಾನೇನು ಎಳೇ ಮಗುವಾ?”

ಬೇರೆ ದಾರಿ ಇರಲಿಲ್ಲ, ಅವಳು ಒಪ್ಪಿದಳು. ಸಾಹೇಬರು ಕೈಬೆರಳು ನೆಟಿಕೆ ಮುರಿದು ಕೂತರು. ಹೊಸದಾಗಿ ಬರೆಯುವುದೇಕೆ ಎಂದು ಡಿಪೋದ ಕೋಡನ್ನೇ ತಂದು ಬಗ್ಗಿಸಿದರು. ಅದು ಹೇಗೆ ಕೆಲಸ ಮಾಡುತ್ತದೆಂದರೆ, ದಾರಿಯಲ್ಲಿ ಬಸ್ಸು ಕೆಟ್ಟಿತೆಂದು ಸುದ್ದಿ ಬಂತೆನ್ನಿ, ಅಲ್ಲಿಯವರೆಗೆ ಓಡಿದ ಟ್ರಿಪ್ಪು ಪಟ್ಟಿಯಲ್ಲಿ ಉಳಿಯುತ್ತದೆ, ಅದರ ನಂತರದ ಟ್ರಿಪ್ಪು ರದ್ದಾಗುತ್ತದೆ. ಸುದ್ದಿ ಇದ್ದ ಜಾಗಕ್ಕೆ ಚಪ್ಪಾಳೆ ಹಾಕಿದರು, ಟ್ರಿಪ್ಪು ಇದ್ದ ಜಾಗಕ್ಕೆ ವಾಕ್ಯ ಹಾಕಿದರು, ಕೊನೆಗೆ ಕ್ರಾಸ್‌ಫೇಡ್ ಸೇರಿಸಿ ಗುಂಡಿ ಒತ್ತಿದರು. ಎಂಟು ವರ್ಷ ಒಂದೇ ಒಂದು ದೂರು ಬಾರದ ಕೋಡು ಅದು. ಅನುಮಾನ ಪಡುವ ಮಾತೇ ಇರಲಿಲ್ಲ.

ಶುಕ್ರವಾರ ಹನ್ನೊಂದಕ್ಕೆ ಅಧ್ಯಾಯ ಸಿದ್ಧವಾಯಿತು. ಸಾಹೇಬರು ಮೊದಲ ಮೂರು ನಿಮಿಷ ಕೇಳಿದರು. ಮುತ್ತು ಪೋಣಿಸಿದ ಹಾಗಿತ್ತು. (ಮೊದಲ ಮೂರು ನಿಮಿಷದಲ್ಲಿ ಅವಳು ಒಂದೂ ತಪ್ಪು ಮಾಡಿರಲಿಲ್ಲ, ಅಲ್ಲಿ ಜೋಡಣೆಯೇ ಇರಲಿಲ್ಲ ಎಂಬುದು ಅವರ ಗಮನಕ್ಕೆ ಬರಲಿಲ್ಲ.) ತಮ್ಮ ಬೆನ್ನು ತಾವೇ ತಟ್ಟಿಕೊಂಡರು.

“ಪೂರ್ತಿ ಕೇಳಿದ್ರಾ?” ಎಂದಳು ಹೆಂಡತಿ, ಅಡುಗೆಮನೆಯಿಂದ.

“ಪೂರ್ತಿ ಕೇಳಿದೆ.”

“ಮೊದಲಿಂದ ಕೊನೇವರೆಗೂ?”

“ಅಲ್ಲಾ ಕಣೇ, ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?”

“ನಂಬಿಕೆ ಇರೋದಕ್ಕೇ ಎರಡೇ ಸಲ ಕೇಳ್ತಿರೋದು.” ಅವಳು ಕೈ ಒರೆಸಿಕೊಂಡು ಬಂದು ಕಳಿಸುವ ಗುಂಡಿ ಒತ್ತಿದಳು. ಅರ್ಜಿಯಲ್ಲಿ ‘ಜೋಡಣೆ: ಪತಿ’ ಎಂದು ಬರೆಯುವುದನ್ನು ಸಾಹೇಬರು ಅವಳ ಹಿಂದೆ ನಿಂತು ನೋಡಿ ಖಾತ್ರಿ ಮಾಡಿಕೊಂಡರು.

ಶನಿವಾರ ಬೆಳಗ್ಗೆ ಒಂಬತ್ತೂವರೆ. ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಸಾಹೇಬರ ತಾಯಿ ಊಟದ ಮೇಜಿನ ಮುಂದೆ ಬಟಾಣಿ ಬಿಡಿಸುತ್ತ, ಮಗನ ಫೋನಿನಿಂದ ಕಿವಿಗೆ ವೈರು ಸಿಕ್ಕಿಸಿಕೊಂಡು ಸೊಸೆಯ ಅಧ್ಯಾಯ ಕೇಳುತ್ತಿದ್ದರು. ಕೇಳುತ್ತ ಕೇಳುತ್ತ ಕುಲುಕಿ ಕುಲುಕಿ ನಗತೊಡಗಿದರು. ಬಟಾಣಿ ನೆಲಕ್ಕೆ ಉರುಳಿತು.

“ಏನಮ್ಮ, ಕೊಲೆ ಕಥೆ ಅದು. ನಗ್ತಿದ್ದೀಯಲ್ಲ?”

“ಅಯ್ಯೋ, ಹೆಣದ ಮುಂದೆ ನಿಂತ್ಕೊಂಡು ನಿನ್ನ ಬೈತಿದಾಳಲ್ಲೋ!”

ಸಾಹೇಬರು ಒಂದು ವೈರು ಕಿತ್ತು ತಮ್ಮ ಕಿವಿಗೆ ಇಟ್ಟುಕೊಂಡರು. ಹೆಂಡತಿಯ ಇಂಪಾದ, ಗಂಭೀರ ದನಿ ಹರಿದು ಬಂತು: “ಪತ್ತೇದಾರ ದೀಪವನ್ನು ಎತ್ತಿ ಹಿಡಿದ. ನೆಲದ ಮೇಲೆ ಶವ ಬೋರಲಾಗಿ ಬಿದ್ದಿತ್ತು. ಅದರ ಬಿಗಿ ಮುಷ್ಟಿಯಲ್ಲಿ ಇದ್ದದ್ದು... ಕಾಲುಚೀಲ! ರೀ, ಕಾಲುಚೀಲ ಬೇಕು ಅಂತ ಬೀರು ಬಾಗಿಲು ತೆಗೀಬೇಡಿ ಅಂತ ಎಷ್ಟು ಸಲ ಬಡ್ಕೊಳ್ಳಲಿ! ಒಳಗೆ ನಾನು ಕೂತಿದೀನಿ! ಇನ್ಸ್‌ಪೆಕ್ಟರನ ಮುಖ ಬಿಳುಚಿಕೊಂಡಿತು.”

ಸಾಹೇಬರ ಮುಖವೂ ಬಿಳುಚಿಕೊಂಡಿತು. ಕೆಟ್ಟ ವಾಕ್ಯವನ್ನು ಉಳಿಸಿಕೊಂಡು, ಚಪ್ಪಾಳೆಯ ನಂತರದ ಸರಿಯಾದ ವಾಕ್ಯವನ್ನು ಕೋಡು ರದ್ದು ಮಾಡಿತ್ತು, ಬಸ್ಸಿಗೆ ಮಾಡುವ ಹಾಗೆಯೇ, ತುಂಬ ನಿಷ್ಠೆಯಿಂದ. ಇಪ್ಪತ್ತೇಳು ತಪ್ಪು, ಬೈಗುಳ ಸಮೇತ, ಒಂದೂ ಕಳೆದುಹೋಗಿರಲಿಲ್ಲ. ಎಲ್ಲಕ್ಕಿಂತ ಭಯಂಕರವಾದ ಸಂಗತಿಯೆಂದರೆ ಕ್ರಾಸ್‌ಫೇಡ್ ಮಾತ್ರ ಅದ್ಭುತವಾಗಿ ಬಂದಿತ್ತು. ಕಾದಂಬರಿ ಎಲ್ಲಿ ಮುಗಿಯಿತು, ಸಂಸಾರ ಎಲ್ಲಿ ಶುರುವಾಯಿತು, ಯಾರಿಗೂ ತಿಳಿಯುವಂತಿರಲಿಲ್ಲ.

“ಹೋಗಿ ಹೇಳಿಬಿಡೋ ಅವಳಿಗೆ,” ಎಂದರು ತಾಯಿ, ಈಗ ನಗು ನಿಲ್ಲಿಸಿ.

“ಏನಂತ ಹೇಳ್ಲಿ? ಪೂರ್ತಿ ಕೇಳಿದೆ ಅಂದಿದ್ದೆ.”

“ಕೇಳಿರಲಿಲ್ವಾ?”

“ಮೂರು ನಿಮಿಷ.”

ತಾಯಿ ಮಗನನ್ನು ಮೇಲಿಂದ ಕೆಳಗೆ ನೋಡಿದರು. “ಇವತ್ತು ಗ್ರಹಚಾರ ಬಿಡಿಸ್ತಾಳೆ ಬಿಡು. ನಾನಂತೂ ಮಧ್ಯ ಬರೋದಿಲ್ಲ,” ಎಂದು ಬಟಾಣಿ ಆರಿಸಲು ಬಗ್ಗಿದರು.

ಬಚ್ಚಲಿನಲ್ಲಿ ನೀರಿನ ಸದ್ದು ಇನ್ನೂ ಕೇಳುತ್ತಿತ್ತು. ಸಾಹೇಬರು ಕಂಪ್ಯೂಟರಿಗೆ ಓಡಿದರು. ಒಂದೇ ಒಂದು ಸಾಲು ತಿದ್ದಿದರು, ಗುಂಡಿ ಒತ್ತಿದರು. ಪರದೆಯ ಮೇಲೆ ಪಟ್ಟಿ ಆಮೆಯ ಹಾಗೆ ತೆವಳಿತು. ಅದು ತುದಿ ಮುಟ್ಟಿ, ಸರಿಯಾದ ಅಧ್ಯಾಯ ಪೆನ್‌ಡ್ರೈವಿಗೆ ಇಳಿದು, ಅದು ಅವರ ಅಂಗಿಯ ಜೇಬಿಗೆ ಇಳಿಯುವುದಕ್ಕೂ ಹೆಂಡತಿ ತಲೆ ಬಾಚಿಕೊಂಡು ಬಂದು ನಿಲ್ಲುವುದಕ್ಕೂ ಸರಿಹೋಯಿತು.

“ಯಾಕ್ರೀ ಇಷ್ಟು ಬೆವರಿದೀರ?”

“ಸೆಖೆ.”

“ಫ್ಯಾನು ತಿರುಗ್ತಿದೆ.”

“ಅದೇ, ಅದರದ್ದೇ ಗಾಳಿ ಸೆಖೆ,” ಎಂದರು ಸಾಹೇಬರು. ತಾಯಿ ಬಟಾಣಿಯಿಂದ ತಲೆ ಎತ್ತಲಿಲ್ಲ.

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಸಾಹೇಬರು ಮೂರು ಸಲ ಬಾಯಿ ತೆರೆದರು. ಮೊದಲ ಸಲ ಟಿಕೆಟ್ಟಿನವನು ಬಂದ. ಎರಡನೆಯ ಸಲ ಬರೀ ಕೆಮ್ಮು ಬಂತು. ಮೂರನೆಯ ಸಲ ಅವಳೇ ಅವರ ಕೈ ಹಿಡಿದುಕೊಂಡಳು. ಅವಳ ಅಂಗೈ ಮಂಜುಗಡ್ಡೆಯಾಗಿತ್ತು.

“ನಂಗೆ ತುಂಬಾ ಭಯ ಆಗ್ತಿದೆ ರೀ.”

“ನಂಗೂ,” ಎಂದರು ಸಾಹೇಬರು. ಆ ದಿನ ಅವರು ಹೆಂಡತಿಗೆ ಹೇಳಿದ ಮೊದಲ ಸತ್ಯ ಅದು.

“ನಾನು ತಪ್ಪು ಓದೋದು ಯಾರಿಗೂ ಕೇಳಿಸಬಾರದು ಅಂತ ತಾನೇ ಬೀರೊಳಗೆ ಉಸಿರು ಕಟ್ಕೊಂಡು ಕೂರೋದು. ಹೇಗೋ, ನೀವು ಪೂರ್ತಿ ಕೇಳಿದೀರಲ್ಲ, ಅದೊಂದು ಧೈರ್ಯ.”

ಇಳಿದು ಓಡಿಹೋಗೋಣವೆನ್ನಿಸಿತು ಅವರಿಗೆ. ಮುಂದಿನ ನಿಲ್ದಾಣ ಎಷ್ಟು ನಿಮಿಷಕ್ಕೆ ಬರುತ್ತದೆಂದು ಅವರಿಗೆ ಬಾಯಿಪಾಠ. ಆದರೆ ಕೈ ಅವಳ ಕೈಯಲ್ಲಿತ್ತು.

ಗ್ರಂಥಾಲಯದ ಮೊಗಸಾಲೆಯ ಉದ್ದಕ್ಕೂ ಸೊಂಟದೆತ್ತರಕ್ಕೆ ಹಿಡಿಕಂಬಿ, ಕಪಾಟುಗಳಲ್ಲಿ ಇಟ್ಟಿಗೆಯಷ್ಟು ದಪ್ಪದ ಚುಕ್ಕಿ ಅಕ್ಷರದ ಪುಸ್ತಕಗಳು. ಕೇಳುವ ಕೋಣೆಯ ಬಾಗಿಲಲ್ಲೇ ಗ್ರಂಥಪಾಲಕಿ ನಿಂತಿದ್ದರು. ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಪೆನ್ಸಿಲು, ಮುಖದಲ್ಲಿ ನಗು ಎಂಬುದರ ಸುಳಿವಿಲ್ಲ. ಹೆಂಡತಿ ಒಳಗೆ ಹೋದದ್ದೇ ಸಾಹೇಬರು ಪೆನ್‌ಡ್ರೈವನ್ನು ಚಾಚಿದರು.

“ಮೇಡಂ, ಇದರಲ್ಲಿ... ಇದರಲ್ಲಿ ಸ್ವಲ್ಪ ಹೆಚ್ಚು ಸ್ಪಷ್ಟವಾಗಿದೆ. ಅದರ ಬದಲು ಇದನ್ನ...”

“ಶುಕ್ರವಾರ ಮಧ್ಯಾಹ್ನದ ಮೇಲೆ ಬದಲಾವಣೆ ಇಲ್ಲ.”

“ಬರೀ ಎರಡು ನಿಮಿಷದ ಕೆಲಸ ಮೇಡಂ. ದಮ್ಮಯ್ಯ ಅಂತೀನಿ.”

“ನಿಯಮ,” ಎಂದರು ಆಕೆ. ಆ ಒಂದು ಶಬ್ದದಲ್ಲಿ ಬೀಗ ಹಾಕಿದ ಸದ್ದಿತ್ತು.

ಒಳಗೆ ಉದ್ದದ ಮೇಜು, ಎರಡು ಸ್ಪೀಕರು. ಮಂಡಳಿಯವರು ಮೂವರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಅಜ್ಜಿ, ವಾದ್ಯಗಳನ್ನು ರಿಪೇರಿ ಮಾಡುವ ದಪ್ಪ ಕುತ್ತಿಗೆಯ ಒಬ್ಬರು, ಕಾನೂನು ಓದುತ್ತಿರುವ ಒಬ್ಬ ಹುಡುಗಿ. ಮೂವರಿಗೂ ಕಣ್ಣು ಕಾಣದು, ಮೂವರ ಕಿವಿಗೂ ಗುಂಡುಸೂಜಿ ಬಿದ್ದದ್ದು ಕೇಳುತ್ತದೆ. ಗ್ರಂಥಪಾಲಕಿ ಕಾದಂಬರಿಯ ಅಚ್ಚಾದ ಪ್ರತಿಯನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡು, ಮೊದಲ ಸಾಲಿನ ಕೆಳಗೆ ಪೆನ್ಸಿಲು ಇಟ್ಟು ಕೂತರು. ಆ ಪುಸ್ತಕ ಕಂಡು ಸಾಹೇಬರ ಜೀವ ಬಾಯಿಗೆ ಬಂತು. ಕಿವಿಗೆ ಮೋಸ ಮಾಡಬಹುದು, ಆ ಪೆನ್ಸಿಲಿಗೆ ಹೇಗೆ ಮಾಡುವುದು?

“ಓದಿದವರು ತೀರ್ಮಾನ ಆಗೋವರೆಗೂ ಮಾತಾಡೋ ಹಾಗಿಲ್ಲ,” ಎಂದು ಹೇಳಿ ಆಕೆ ಯಂತ್ರ ಚಾಲೂ ಮಾಡಿದರು.

ಮೊದಲ ಮೂರು ನಿಮಿಷ ಸ್ವರ್ಗ. ಹೆಂಡತಿಯ ದನಿ ಕೋಣೆ ತುಂಬಿತು, ಅಜ್ಜಿ ತಲೆದೂಗಿದರು. ಸಾಹೇಬರು ಗಡಿಯಾರ ನೋಡುತ್ತಿದ್ದರು. ಪತ್ತೇದಾರ ಮೆಟ್ಟಿಲು ಹತ್ತಿದ. ಪತ್ತೇದಾರ ದೀಪ ಎತ್ತಿ ಹಿಡಿದ. ಅಯ್ಯೋ, ಕರೆಂಟು ಹೋಗಬಾರದೇ, ಎಂದುಕೊಂಡರು ಸಾಹೇಬರು. ಕರೆಂಟು ಹೋಗಲಿಲ್ಲ. ಕಾಲುಚೀಲ ಬಂತು.

ಪೆನ್ಸಿಲು ನಿಂತಿತು. ಗ್ರಂಥಪಾಲಕಿ ಪುಟ ತಿರುವಿದರು, ಮತ್ತೆ ಹಿಂದಕ್ಕೆ ತಿರುವಿದರು. ಕನ್ನಡಕದ ಮೇಲಿನಿಂದ ಹೆಂಡತಿಯನ್ನು ನೋಡಿ, ಆಮೇಲೆ ಗಂಡನನ್ನು ನೋಡಿದರು. ಹೆಂಡತಿಯ ಕತ್ತು ಗಂಡನ ಕಡೆ ಒಂದಂಗುಲ ತಿರುಗಿತು, ನಿಂತಿತು, ಹಾಗೇ ಹಿಂದಕ್ಕೆ ಹೋಯಿತು. ಅವಳು ತಿರುಗಿ ನೋಡಿ ಕೆಕ್ಕರಿಸಿದ್ದರೆ ಸಾಹೇಬರಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಅವಳು ನೋಡಲೇ ಇಲ್ಲ.

ಮಂಡಳಿಯವರು ಮಾತ್ರ ಮುಂದಕ್ಕೆ ಬಾಗಿ ಕೂತರು. “ಬೀರಿನೊಳಗೆ ಯಾರೋ ಇದಾರೆ!” ಎಂದು ಹುಡುಗಿ ಪಿಸುಗುಟ್ಟಿದಳು.

ಕಥೆ ಮುಂದುವರಿಯಿತು. ಇನ್ಸ್‌ಪೆಕ್ಟರು ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ವಿಚಾರಣೆ ಶುರು ಮಾಡಿದ. “‘ಕೊಲೆ ನಡೆದ ಸಮಯದಲ್ಲಿ ನೀವು ಎಲ್ಲಿದ್ದಿರಿ?’ ಎಂದು ಅವನು ಗುಡುಗಿದ... ಎಲ್ಲಿರ್ತಾರೆ, ಸೋಫಾ ಮೇಲೆ ಬಿದ್ಕೊಂಡು ಗೊರಕೆ ಹೊಡೀತಿದಾರೆ! ಬೀರಿನ ಬಾಗಿಲು ದಾಟಿ ಕೇಳಿಸ್ತಿದೆ, ಥೂ! ಇನ್ಸ್‌ಪೆಕ್ಟರು ಅದನ್ನು ಪುಸ್ತಕದಲ್ಲಿ ಬರೆದುಕೊಂಡ.”

ವಾದ್ಯ ರಿಪೇರಿಯವರು ಮೇಜು ಕುಟ್ಟಿ ನಕ್ಕರು. ಇನ್ನು ಇಪ್ಪತ್ತೈದು ಬಾಕಿ, ಎಂದು ಸಾಹೇಬರು ಎಣಿಸಿದರು. ಅಷ್ಟರಲ್ಲಿ ಸತ್ತವನ ಹೆಂಡತಿ ಬಂದಳು. “ವಿಧವೆ ಕಣ್ಣೊರೆಸಿಕೊಂಡು ಹೇಳಿದಳು, ‘ನನ್ನ ಗಂಡ ದೇವರಂಥ ಮನುಷ್ಯ...’ ದೇವರಂತೆ, ದೇವರು! ದೇವರಿಗಾದ್ರೂ ಹೇಳಿದ್ದು ಕೇಳ್ಸುತ್ತೆ. ಆ ನಲ್ಲಿ ನಿಲ್ಸ್ರೀ ಅಂದೆ! ಕೋಣೆಯಲ್ಲಿದ್ದವರೆಲ್ಲ ತಲೆ ತಗ್ಗಿಸಿದರು.”

ಅಜ್ಜಿ ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. ಸಾಹೇಬರು ಕುರ್ಚಿಯ ಎರಡೂ ಕೈಗಳನ್ನು ಹಿಡಿದು, ಹಲ್ಲಿನ ಡಾಕ್ಟರ ಮುಂದೆ ಕೂತವರ ಹಾಗೆ ಕೂತಿದ್ದರು. ಒಂದೊಂದು ಜೋಡಣೆಯೂ ಬರುವ ಮುಂಚೆ ಅವರಿಗೆ ಗೊತ್ತಾಗುತ್ತಿತ್ತು. ಅವಳ ದನಿ ಒಂಚೂರು ತಡವರಿಸುತ್ತಿತ್ತು, ಆ ತಡವರಿಕೆಗೇ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಸೀನಿದ್ದು, ಕುರ್ಚಿ ಎಳೆದದ್ದು, ಫೋನಿನಲ್ಲಿ ಡಿಪೋದವರಿಗೆ ಕೂಗಿ ಕೂಗಿ ಬುದ್ಧಿ ಹೇಳಿದ್ದು, ತಮ್ಮ ಆ ವಾರದ ಪಾಪಗಳೆಲ್ಲ ಸ್ಪೀಕರಿನಿಂದ ಒಂದೊಂದಾಗಿ ಇಳಿದು ಬಂದವು. ಗ್ರಂಥಪಾಲಕಿ ಯಾವಾಗಲೋ ಪುಸ್ತಕ ಮುಚ್ಚಿದ್ದರು. ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಸುಮ್ಮನೆ ಕೇಳುತ್ತಿದ್ದರು.

ಕೊನೆಯ ಪುಟಗಳ ಹತ್ತಿರ ಒಂದು ಬಂತು. ಅದನ್ನು ಸಾಹೇಬರು ನಿರೀಕ್ಷಿಸಿರಲಿಲ್ಲ. ಪತ್ತೇದಾರನ ಹೆಜ್ಜೆಯ ಸದ್ದು ಓಣಿಯಲ್ಲಿ ದೂರವಾಯಿತು, ಆ ವಾಕ್ಯದ ನಡುವೆ ಅವಳ ನಾಲಿಗೆ ತೊಡರಿತು. ಬೈಗುಳ ಬರಲಿಲ್ಲ. ಉಸಿರು ಎಳೆದುಕೊಂಡ ಸದ್ದು ಬಂತು. “ನನ್ನ ಕೈಲಿ ಆಗೋದಿಲ್ಲ ಇದು. ಆರು ವರ್ಷ ಆಯ್ತು ಈ ಅಂಗಿಗಳ ಮಧ್ಯ ಕೂತು. ಯಾರೂ ತೆಗೀದೇ ಇರೋಂಥ ಒಂದು ಬಾಗಿಲು ಸಾಕಾಗಿತ್ತಪ್ಪ ನಂಗೆ. ಒಂದೇ ಒಂದು ಬಾಗಿಲು.” ಆಮೇಲೆ ಓಣಿಯಲ್ಲಿ ಮಂಜು ಇಳಿಯಿತು, ಕಥೆ ನಡೆಯಿತು.

ಯಾರೂ ನಗಲಿಲ್ಲ. ಸಾಹೇಬರಿಗೆ ಮೊದಲ ಬಾರಿಗೆ ಭಯ ಬಿಟ್ಟು ಬೇರೇನೋ ಆಯಿತು. ಎಷ್ಟು ಸಲ ಆ ಬಾಗಿಲು ತೆಗೆದಿದ್ದರು ತಾವು? ಕಾಲುಚೀಲಕ್ಕೆ, ಕರ್ಚೀಫಿಗೆ, ‘ಏನೇ, ಇನ್ನೂ ಮುಗೀಲಿಲ್ವಾ’ ಎಂದು ಕೇಳುವುದಕ್ಕೆ. ಇವಳಿಗೆ ಈ ಕೆಲಸ ಸಿಗದಿದ್ದರೆ ನಾನು ಈ ಮುಖ ಎಲ್ಲಿಟ್ಟುಕೊಳ್ಳಲಿ, ಎಂದು ಮನಸ್ಸಿನಲ್ಲೇ ಅತ್ತರು.

ಅಧ್ಯಾಯ ಮುಗಿಯಿತು. ಹೆಂಡತಿ ಎದ್ದು ನಿಂತಳು. ಅವಳ ಮುಖ ಕೆಂಪಗಾಗಿತ್ತು. “ಕ್ಷಮಿಸಬೇಕು, ಅದು ಪುಸ್ತಕದಲ್ಲಿ...”

“ಓದಿದವರು ಮಾತಾಡೋ ಹಾಗಿಲ್ಲ,” ಎಂದರು ಗ್ರಂಥಪಾಲಕಿ. “ಕೂತ್ಕೊಳ್ಳಿ. ಮಂಡಳಿಯವರು ಹೇಳಲಿ.”

ಹುಡುಗಿ ತಡೆಯಲಾರದೆ ಬಾಯಿ ಹಾಕಿದಳು. “ಇದರಲ್ಲಿ ಹೇಳೋಕೇನಿದೆ? ಕೊಲೆಗಾರ ಸಿಕ್ಕಿಬಿಟ್ಟ! ಬೀರಿನೊಳಗೆ ಒಬ್ಳು ಹೆಂಗಸು ಅಡಗಿ ಕೂತಿದಾಳೆ. ಅವಳೇ ಸಾಕ್ಷಿ. ಎಲ್ಲಾನೂ ನೋಡಿದಾಳೆ. ಅವಳ ಗಂಡಾನೇ ಕೊಲೆ ಮಾಡಿರೋದು.”

“ಹೌದು ಮತ್ತೆ,” ಎಂದರು ವಾದ್ಯ ರಿಪೇರಿಯವರು. “ಇಲ್ದಿದ್ರೆ ಅಷ್ಟು ಸಲ ಬೀರು ತೆಗೆಯೋಕೆ ಬರ್ತಾನಾ? ಕಾಲುಚೀಲ ಅಂತೆ ಕಾಲುಚೀಲ. ಬರೀ ನೆಪ!”

“ಗೊರಕೆಯೂ ನಾಟಕ,” ಎಂದಳು ಹುಡುಗಿ. “ನಲ್ಲಿ ಯಾಕೆ ಬಿಟ್ಟಿದ್ದ? ರಕ್ತ ತೊಳೆಯೋಕೆ!”

“ಕುರ್ಚಿ ಎಳೆದದ್ದು?”

“ಹೆಣ ಎಳೆದದ್ದು ಸಾರ್ ಅದು, ಕುರ್ಚಿಯಲ್ಲ!”

ಸಾಹೇಬರು ತಮ್ಮ ಕುರ್ಚಿಯಲ್ಲಿ ಇನ್ನಷ್ಟು ಕುಸಿದರು. ನಾನಲ್ಲ, ನಾನು ಬರೀ ಸೀನಿದ್ದು, ಎಂದು ಕೂಗಿಕೊಳ್ಳಬೇಕೆನ್ನಿಸಿತು. ಅಪ್ಪಿತಪ್ಪಿ ನಿಜವಾಗಿಯೂ ಸೀನು ಬಂತು. ಟೆಲಿಫೋನ್ ಅಜ್ಜಿ ತಕ್ಷಣ ಅವರ ಕಡೆ ಮುಖ ತಿರುಗಿಸಿದರು. ಸಾಹೇಬರು ಮೂಗು ಮುಚ್ಚಿಕೊಂಡು ಉಸಿರು ಬಿಗಿಹಿಡಿದರು.

ಅಜ್ಜಿ ನಿಧಾನವಾಗಿ ಮಾತಾಡಿದರು. “ಮೂವತ್ತೈದು ವರ್ಷ ಎಕ್ಸ್‌ಚೇಂಜಲ್ಲಿ ಕೂತು ಊರಿನ ದನಿಯೆಲ್ಲ ಕೇಳಿದೀನಿ. ಚೆನ್ನಾಗಿ ಓದೋರು ಬೇಕಾದಷ್ಟು ಜನ ಇದಾರೆ. ಓದ್ತಾರೆ, ಹೋಗ್ತಾರೆ. ಈ ಹುಡುಗಿ ಓದ್ತಿದ್ರೆ ನಮ್ಮನೇಲೇ ಯಾರೋ ಇದಾರೆ ಅನ್ಸುತ್ತೆ. ಆ ಬಾಗಿಲಿನ ಮಾತು ಹೇಳಿದ್ಲಲ್ಲ, ನನ್ನ ಕರುಳು ಕಿತ್ತು ಬಂತು. ನಂಗೆ ಇವಳೇ ಬೇಕು. ಬೇರೆಯವರದ್ದು ಹಾಕಲೇಬೇಡಿ.”

ಉಳಿದಿಬ್ಬರೂ ಹೂಂಗುಟ್ಟಿದರು. ಗ್ರಂಥಪಾಲಕಿ ಕಾಗದದ ಮೇಲೆ ಏನೋ ಬರೆದು ಹೆಂಡತಿಯ ಕಡೆ ನೋಡಿದರು. “ಸೋಮವಾರದಿಂದ ಬನ್ನಿ. ಮಹಡಿ ಮೇಲಿನ ಕೋಣೆ ನಿಮ್ಮದು. ಒಳಗಿಂದ ಚಿಲಕ ಇದೆ.” ಆಮೇಲೆ ಸಾಹೇಬರ ಕಡೆ ಕೈ ಚಾಚಿ, ದನಿ ತಗ್ಗಿಸಿ, “ಆಗ ಕೊ‌ಡೋಕೆ ಬಂದಿದ್ರಲ್ಲ, ಅದನ್ನ ಈಗ ಕೊಡಿ. ಅದರಲ್ಲಾದ್ರೂ ಪುಸ್ತಕದಲ್ಲಿರೋದು ಇದೆ ತಾನೆ?” ಎಂದರು.

ಸಾಹೇಬರು ಎರಡೂ ಕೈಯಲ್ಲಿ ಪೆನ್‌ಡ್ರೈವು ಒಪ್ಪಿಸಿದರು. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು, ಹುಡುಗಿ ಅವಳ ಕೈ ಕುಲುಕುತ್ತಿದ್ದಳು. ಎದೆಯ ಮೇಲಿಂದ ಬಂಡೆ ಇಳಿದ ಹಾಗಾಯಿತು ಸಾಹೇಬರಿಗೆ. ಬದುಕಿದೆ! ಅವಳಿಗೆ ಕೆಲಸ ಸಿಕ್ಕಿತು, ಸಂತೋಷದಲ್ಲಿ ಎಲ್ಲವೂ ಮಾಫಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಲೆಕ್ಕ ನೋಡಿದರೆ ಈ ಕೆಲಸ ಸಿಕ್ಕಿದ್ದೇ ನನ್ನಿಂದಲ್ಲವೇ, ಕೋಡು ಸರಿಯಾಗಿದ್ದರೆ ಆ ಬಾಗಿಲಿನ ಮಾತು ಮಂಡಳಿಗೆ ಕೇಳುತ್ತಿತ್ತೇ, ಎಂಬ ಯೋಚನೆಯೂ ಬಂತು. ಬಂದ ಮೇಲೆ ಬಾಯಿ ಸುಮ್ಮನಿರುತ್ತದೆಯೇ?

“ಜೋಡಣೆ ನನ್ನದೇ,” ಎಂದರು ಸಾಹೇಬರು, ಗಂಟಲು ಸರಿಮಾಡಿಕೊಂಡು. “ಕ್ರಾಸ್‌ಫೇಡ್. ಎಲ್ಲಿ ಸೇರಿಸಿದೆ ಅಂತ ಯಾರಿಗೂ ಗೊತ್ತಾಗಿರಲಿಕ್ಕಿಲ್ಲ.”

ಹೆಂಡತಿ ಸೆರಗು ಕೆಳಗಿಳಿಸಿದಳು. ಗ್ರಂಥಪಾಲಕಿ ಮುಚ್ಚಿದ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಕಿಟಕಿಯ ಆಚೆ ನೋಡತೊಡಗಿದರು.

ಅಜ್ಜಿ ಕೋಲು ಹುಡುಕುತ್ತ ಎದ್ದರು. ಹೆಂಡತಿಯ ತೋಳು ಹಿಡಿದು ನಿಲ್ಲಿಸಿದರು. “ಒಂದು ಮಾತು ಹೇಳಿ ಹೋಗಮ್ಮ. ಮುಂದಿನ ಅಧ್ಯಾಯದವರೆಗೂ ಕಾಯೋ ತಾಳ್ಮೆ ಇಲ್ಲ ನಂಗೆ. ಆ ಗಂಡ ಇದಾನಲ್ಲ, ಕೊನೇಲಿ ಅವನಿಗೆ ಶಿಕ್ಷೆ ಆಗುತ್ತಾ, ಇಲ್ಲ ತಪ್ಪಿಸ್ಕೊಂಡು ಬಿಡ್ತಾನಾ?”

ಹೆಂಡತಿ ಬೆಳಗಿನಿಂದ ಮೊದಲ ಬಾರಿಗೆ ಎಂಬಂತೆ ಗಂಡನ ಕಡೆ ಪೂರ್ತಿ ತಿರುಗಿದಳು. ಅವಳು ನಗುತ್ತಿದ್ದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಸಾಹೇಬರು ಆ ನಗುವನ್ನು ಎರಡೇ ಸಲ ಕಂಡಿದ್ದರು, ಎರಡು ಸಲವೂ ವಾರಗಟ್ಟಲೆ ನೆನಪಿಟ್ಟುಕೊಂಡಿದ್ದರು.

“ತಪ್ಪಿಸ್ಕೊಳ್ಳೋದು ಎಲ್ಲಿ ಬಂತು ಅಜ್ಜಿ? ಮನೆ ತಲುಪೋದೊಂದೇ ಬಾಕಿ,” ಎಂದಳು. ಆಮೇಲೆ ಬ್ಯಾಗು ಹೆಗಲಿಗೇರಿಸಿ, ಜೇನಿನಂಥ ದನಿಯಲ್ಲಿ ಕರೆದಳು: “ರೀ, ಹೊರಡೋಣ್ವಾ?”

ಸಾಹೇಬರು ಕುರ್ಚಿಯ ಕೈಗಳನ್ನು ಬಿಡಲಿಲ್ಲ.